ಪ್ರಾಗ್ ಕೋಟೆ: ಹತ್ತಬೇಡಿ, ಇಳಿಯಿರಿ

ಜೆಕ್ ರಾಜಧಾನಿ ಪ್ರಾಗ್‌ನ ಕೋಟೆ ನೋಡಲು, ಕೆಳಗೆ ನದಿಯ ಮೇಲಿರುವ ಚಾರ್ಲ್ಸ್ ಸೇತುವೆ ಕಡೆಯಿಂದ ಗುಡ್ಡ ಹತ್ತಬೇಡಿ. 22ನೇ ನಂಬರಿನ ಟ್ರಾಮ್ ಹಿಡಿದು ಪೊಹೊರ್ಜೆಲೆಟ್ಸ್ ಸ್ಟಾಪಿನಲ್ಲಿ ಇಳಿಯಿರಿ. ಅದು ಕೋಟೆಗಿಂತ ಎತ್ತರದಲ್ಲಿದೆ. ಅಲ್ಲಿಂದ ಕೋಟೆ, ನೆರುಡೋವಾ ಬೀದಿ, ಕೊನೆಗೆ ಸೇತುವೆ, ಹೆಚ್ಚುಕಮ್ಮಿ ಎಲ್ಲವೂ ಇಳಿಜಾರಿನ ನಡಿಗೆ. ಅಪ್ಪ ಅಮ್ಮನ ಮಂಡಿಗೆ ಇದಕ್ಕಿಂತ ಇನ್ನೇನು ಬೇಕು, ಅಲ್ವಾ? ಕೋಟೆಯ ಹೆಸರಿನ ಸ್ಟಾಪ್ ಮೊದಲೇ ಬರುತ್ತದೆ. ಬಹಳಷ್ಟು ಪ್ರವಾಸಿಗರು ಅಲ್ಲೇ ಇಳಿಯುತ್ತಾರೆ, ನೀವು ಸುಮ್ನೆ ಕೂತಿರಿ. ಕಾಗದದ ಟಿಕೆಟ್ ಆದರೆ ಹತ್ತಿದ ಕೂಡಲೇ ಹಳದಿ ಮೆಷಿನ್ನಿಗೆ ತೂರಿಸಿ ಮುದ್ರೆ ಹಾಕಿಸಿ. ಮುದ್ರೆ ಇಲ್ಲದಿದ್ದರೆ ದಂಡ ಬೀಳುತ್ತದೆ. ಮಧ್ಯಾಹ್ನ 12ಕ್ಕೆ ಕಾವಲುಗಾರರು ಬದಲಾಗುವಾಗ ಮುಂಬಾಗಿಲಲ್ಲಿ ಜನ ಜಾಸ್ತಿ. ಹಿಮ ಬಿದ್ದ ದಿನ ಮಾತ್ರ ಈ ಉಪಾಯ ಬೇಡ. ಕಲ್ಲುಹಾಸಿನ ಬೀದಿಯಲ್ಲಿ ಹತ್ತುವುದಕ್ಕಿಂತ ಇಳಿಯುವಾಗಲೇ ಕಾಲು ಜಾರುವುದು. ಹಳಿ ರಿಪೇರಿ ಇದ್ದರೆ ಟ್ರಾಮ್ ದಾರಿಯೂ ಬದಲಾಗಬಹುದು, ಸ್ಟಾಪಿನ ಬೋರ್ಡು ನೋಡಿಕೊಂಡು ಹತ್ತಿ.