ಸಕ್ಕರೆ ಕಾಯಿಲೆಯ ಆರೈಕೆಗೆ ಮಲೆನಾಡಿನಲ್ಲಿ ತಂಡ ಕಟ್ಟಿಕೊಳ್ಳುವ ಬಗೆ

ಮಧುಮೇಹವು ರಕ್ತಪರೀಕ್ಷೆಯಲ್ಲಿ ಕಾಣಿಸಿಕೊಂಡರೂ ಅದರ ಪೆಟ್ಟು ಬೀಳುವುದು ಕಣ್ಣು, ಮೂತ್ರಪಿಂಡ, ನರ, ಹೃದಯ ಮತ್ತು ಪಾದಗಳ ಮೇಲೆ. ಇಷ್ಟನ್ನೂ ಒಬ್ಬರೇ ವೈದ್ಯರು ನೋಡಿ ಮುಗಿಸಲಾರರು. ದೊಡ್ಡ ನಗರಗಳಲ್ಲಿ ವೈದ್ಯರು, ನರ್ಸ್, ಆಹಾರ ತಜ್ಞರು, ಕಣ್ಣಿನ ವೈದ್ಯರು ಒಂದೇ ಕಟ್ಟಡದಲ್ಲಿ ಸಿಗಬಹುದು. ಹೊಸನಗರ, ತೀರ್ಥಹಳ್ಳಿ ಕಡೆಯ ಒಂಟಿಮನೆಯವರು ಮಾತ್ರ ಈ ತಂಡವನ್ನು ತಾವೇ ಜೋಡಿಸಿಕೊಳ್ಳಬೇಕಾಗುತ್ತದೆ.

ಮೊದಲು ಒಂದು ನೋಟ್‌ಬುಕ್ ಇಡಿ. ಸಕ್ಕರೆಯ ಪ್ರಮಾಣವನ್ನು ಬರೆಯುವಾಗ ಅದು ಊಟಕ್ಕೆ ಮೊದಲಿನದೋ, ಊಟವಾಗಿ ಎರಡು ಗಂಟೆಯ ನಂತರದ್ದೋ ಎಂಬುದನ್ನೂ ಬರೆಯಬೇಕು. ಬಿ.ಪಿ., ಪರೀಕ್ಷೆಗಳ ದಿನಾಂಕ, ನುಂಗುವ ಪ್ರತಿಯೊಂದು ಮಾತ್ರೆ, ನಾಟಿ ಔಷಧಿ ಸಹಿತ, ಅದರಲ್ಲಿರಲಿ. ಅಡಿಕೆ ಕೊಯ್ಲಿನ ಕಾಲದಲ್ಲಿ ಸೊಂಟ ಹಿಡಿದುಕೊಂಡಿತೆಂದು ಅಂಗಡಿಯಿಂದ ತಂದ ನೋವಿನ ಮಾತ್ರೆಯನ್ನು ಯಾರೂ ಔಷಧಿಯೆಂದು ಲೆಕ್ಕಕ್ಕೆ ಹಿಡಿಯುವುದಿಲ್ಲ. ಆದರೆ ಅಂಥ ಕೆಲವು ಮಾತ್ರೆಗಳು ಮೊದಲೇ ದಣಿದಿರುವ ಮೂತ್ರಪಿಂಡಕ್ಕೆ ಹಾನಿ ಮಾಡುತ್ತವೆ, ಸ್ಟೀರಾಯ್ಡ್ ಆಗಿದ್ದರೆ ಸಕ್ಕರೆಯನ್ನೇ ಏರಿಸುತ್ತವೆ. ಮೆಡಿಕಲ್ ಅಂಗಡಿಯವರಿಗೂ ನೋಟ್‌ಬುಕ್ ತೋರಿಸುವ ರೂಢಿಯಿದ್ದರೆ ಇದನ್ನು ಅಲ್ಲೇ ತಡೆಯಬಹುದು.

ನಂತರ ಒಬ್ಬ ಮುಖ್ಯ ವೈದ್ಯರನ್ನು ಆರಿಸಿಕೊಳ್ಳಿ. ಅವರು ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರದವರಾದರೂ ಸಾಕು. ಹೆಸರಾಂತ ತಜ್ಞರೇ ಆಗಬೇಕೆಂಬ ಹಟ ಬೇಡ, ಏಕೆಂದರೆ ಮಳೆಗಾಲದಲ್ಲಿ ಕೈಗೆ ಸಿಗುವವರೇ ನಿಜವಾದ ಆಸರೆ. ಶಿವಮೊಗ್ಗದ ತಜ್ಞರು ಔಷಧಿ ಬದಲಿಸಿದರೆ ಆ ಚೀಟಿ ಮರಳಿ ಇವರ ಕೈ ಸೇರಬೇಕು. ಆಶಾ ಕಾರ್ಯಕರ್ತೆಯ ಹತ್ತಿರ ಉಪಕೇಂದ್ರದಲ್ಲಿ ಬಿ.ಪಿ., ಸಕ್ಕರೆ ತಪಾಸಣೆ ಯಾವ ದಿನವೆಂದು ಕೇಳಿಟ್ಟುಕೊಳ್ಳಿ.

ರಕ್ತದ ಸಕ್ಕರೆಯ ಮೂರು ತಿಂಗಳ ಸರಾಸರಿಯನ್ನು ತೋರಿಸುವ ಎಚ್‌ಬಿಎ1ಸಿ ಪರೀಕ್ಷೆಯನ್ನು ಸಕ್ಕರೆ ಹತೋಟಿಯಲ್ಲಿಲ್ಲದವರು ಮೂರು ತಿಂಗಳಿಗೊಮ್ಮೆ, ಉಳಿದವರು ಆರು ತಿಂಗಳಿಗೊಮ್ಮೆ ಮಾಡಿಸಬೇಕು. ಅನೇಕರಿಗೆ ಗುರಿ ಶೇ. 7ರ ಆಸುಪಾಸಿನಲ್ಲಿರುತ್ತದೆ, ವಯಸ್ಸಾದವರಿಗೆ ವೈದ್ಯರು ಅದನ್ನು ಸಡಿಲಿಸುವುದುಂಟು. ಅಕ್ಷಿಪಟಲದ (ಕಣ್ಣಿನ ಒಳಪರದೆಯ) ಪರೀಕ್ಷೆ, ಮೂತ್ರಪಿಂಡದ ಸ್ಥಿತಿ ತಿಳಿಸುವ ಮೂತ್ರದ ಆಲ್ಬುಮಿನ್, ರಕ್ತದ ಕ್ರಿಯಾಟಿನಿನ್ ಪರೀಕ್ಷೆಗಳು ವರ್ಷಕ್ಕೊಮ್ಮೆ ಆಗಬೇಕಾದವು. ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಗೋ ಬೇರೆಡೆಗೋ ಹೋಗುವವರು ಇವನ್ನೆಲ್ಲ ಮುಂಗಾರಿಗೆ ಮೊದಲು ಒಂದೇ ಓಡಾಟದಲ್ಲಿ ಮುಗಿಸಿಕೊಳ್ಳುವುದು ಜಾಣತನ. ಕಣ್ಣಿಗೆ ಹನಿ ಹಾಕಿದ ಮೇಲೆ ಕೆಲವು ಗಂಟೆ ಮಂಜಾಗಿ ಕಾಣುವುದರಿಂದ ಜೊತೆಗೊಬ್ಬರಿರಲಿ.

ಪಾದದ ಕೆಲಸ ಮನೆಯವರದ್ದು. ನರಗಳು ಜಡವಾದವರಿಗೆ ಇಂಬಳ (ಜಿಗಣೆ) ಕಚ್ಚಿದ್ದು ತಿಳಿಯುವುದಿಲ್ಲ. ಚಳಿಗೆಂದು ಬಚ್ಚಲೊಲೆಯ ಮುಂದೆ ಕಾಲು ಚಾಚಿ ಕುಳಿತರೆ ಚರ್ಮ ಬೊಬ್ಬೆಯೇಳುವವರೆಗೂ ಬಿಸಿ ಗೊತ್ತಾಗುವುದಿಲ್ಲ. ಆದ್ದರಿಂದ ತೋಟಕ್ಕೆ ಬರಿಗಾಲಲ್ಲಿ ಹೋಗಬಾರದು, ಬೂಟಿನೊಳಗೆ ಕಲ್ಲು, ಕಡ್ಡಿ ಇದೆಯೇ ಎಂದು ಕೈಹಾಕಿ ನೋಡಬೇಕು. ಸಂಜೆ ಕಾಲು ತೊಳೆದು, ಬೆರಳ ಸಂದಿಯನ್ನು ಒಣಬಟ್ಟೆಯಿಂದ ಒತ್ತಿ ಒರೆಸಿ, ಬೆಳಕು ಹಿಡಿದು ಅಂಗಾಲು ನೋಡಿ. ಹಿಮ್ಮಡಿ ಒಡಕಿಗೆ ಎಣ್ಣೆ ಸವರಬಹುದು, ಸಂದಿಗೆ ಬೇಡ. ಗಾಯ ಕೆಂಪಾಗಿ ಊದಿದರೆ ಅಥವಾ ಕೀವಾದರೆ, ನೋವಿಲ್ಲದಿದ್ದರೂ ಅದೇ ದಿನ ವೈದ್ಯರಿಗೆ ತೋರಿಸಬೇಕು.

ಆಹಾರ ತಜ್ಞರ ಬಳಿ ತಟ್ಟೆಯಲ್ಲಿರುವುದನ್ನು ಮುಚ್ಚಿಡದೆ ಹೇಳಿ. ಕೆಂಪಕ್ಕಿಯೆಂಬ ಧೈರ್ಯದಲ್ಲಿ ಎರಡು ಪಟ್ಟು ಗಂಜಿ ಉಣ್ಣುವವರು, ಕಷಾಯದ ಜೋನಿಬೆಲ್ಲವನ್ನು ಸಿಹಿಯೆಂದೇ ಪರಿಗಣಿಸದವರು ನಮ್ಮಲ್ಲಿ ಕಡಿಮೆಯಿಲ್ಲ.

ಇನ್ಸುಲಿನ್ ತೆಗೆದುಕೊಳ್ಳುವವರಿಗೆ ಬೆವರು, ನಡುಕ ಬಂದು ರಕ್ತದ ಸಕ್ಕರೆ 70 ಮಿ.ಗ್ರಾಂ/ಡಿ.ಎಲ್.ಗಿಂತ ಇಳಿದರೆ ಮೂರು ಟೀ ಚಮಚ ಸಕ್ಕರೆಯನ್ನು ನೀರಿನಲ್ಲಿ ಕದಡಿ ಕುಡಿಸಿ, 15 ನಿಮಿಷದ ಬಳಿಕ ಮತ್ತೆ ನೋಡಿ. ಎಚ್ಚರ ತಪ್ಪಿದ್ದರೆ ಬಾಯಿಗೆ ಏನನ್ನೂ ಹಾಕದೆ 108ಕ್ಕೆ ಕರೆ ಮಾಡಿ. ತೋಟದ ಕೆಲಸದವರಿಗೂ ಇದು ತಿಳಿದಿರಲಿ, ಏಕೆಂದರೆ ಹಗಲು ಪಕ್ಕದಲ್ಲಿರುವವರು ಅವರೇ.

ಮಳೆ ಹಿಡಿಯುವ ಮುನ್ನ ವೈದ್ಯರ ಚೀಟಿ ತೋರಿಸಿ ಒಂದು ತಿಂಗಳ ಔಷಧಿ ತಂದಿಟ್ಟುಕೊಳ್ಳಿ. ದಿನಗಟ್ಟಲೆ ಕರೆಂಟ್ ಹೋದರೆ ತೆರೆಯದ ಇನ್ಸುಲಿನ್ ಅನ್ನು ನೀರು ತಾಗದಂತೆ ಡಬ್ಬಿಯಲ್ಲಿಟ್ಟು ಮಣ್ಣಿನ ಮಡಕೆಯ ತಂಪಿನಲ್ಲಿ ಇರಿಸಬಹುದು. ಒಲೆಯ ಮೇಲಿನ ಅಟ್ಟದಲ್ಲಿ ಮಾತ್ರ ಇಡಬಾರದು.