ಸಣ್ಣ ಪ್ರಕಾಶನದ ಪುಸ್ತಕಗಳಿಗೆ ಒಂದು ವಿಮರ್ಶೆ ಪತ್ರಿಕೆ: ನನ್ನ ಅನುಭವ

ಪತ್ರಿಕೆ ಮಾಡೋಣ ಅಂತ ಕೂತಾಗ ನಾವಿದ್ದದ್ದು ಮೂವರು, ಮೂವರಿಗೂ ಇದ್ದದ್ದು ಒಂದೇ ಬೇಜಾರು. ಒಬ್ಬರೋ ಇಬ್ಬರೋ ಸೇರಿ ನಡೆಸುವ ಪ್ರಕಾಶನಗಳಿಂದ ಒಳ್ಳೊಳ್ಳೆ ಪುಸ್ತಕ ಬರುತ್ತಿದ್ದವು. ಬಿಡುಗಡೆಯ ದಿನ ನಾಲ್ಕು ಫೋಟೊ, ಆಮೇಲೆ ಸದ್ದೇ ಇಲ್ಲ. ಯಾರಾದರೂ ಪೂರ್ತಿ ಓದಿ, ಪುಸ್ತಕ ಹೀಗಿದೆ ಅಂತ ಎರಡು ಪುಟ ಬರೆದರೆ ಸಾಕಿತ್ತು. ಅದೂ ಆಗುತ್ತಿರಲಿಲ್ಲ.

ನ್ಯೂಯಾರ್ಕ್ ರಿವ್ಯೂ ಆಫ್ ಬುಕ್ಸ್ ಅನ್ನುವ ವಿಮರ್ಶೆ ಪತ್ರಿಕೆ ಶುರುವಾಗಿದ್ದು 1963ರಲ್ಲಿ, ಅಲ್ಲಿ ಮುಷ್ಕರದಿಂದ ದಿನಪತ್ರಿಕೆಗಳು ನಿಂತುಹೋಗಿ ಹೊಸ ಪುಸ್ತಕಗಳಿಗೆ ವಿಮರ್ಶೆಯೇ ಇಲ್ಲದಿದ್ದಾಗ. ಇದನ್ನು ಓದಿದಾಗ ನನಗೆ ಅನ್ನಿಸಿದ್ದು, ಸಣ್ಣ ಪ್ರಕಾಶಕರ ಪಾಲಿಗೆ ಆ ಮುಷ್ಕರ ಇನ್ನೂ ಮುಗಿದೇ ಇಲ್ಲ ಅಲ್ವಾ ಅಂತ.

ತಿಂಗಳಿಗೊಂದು ಸಂಚಿಕೆ ಅಂತ ಹೊರಟವರು ಲೆಕ್ಕ ಹಾಕಿ ಮೂರು ತಿಂಗಳಿಗೊಂದು ಅಂದೆವು. ವಿಮರ್ಶಕರಿಗೆ ಪುಸ್ತಕ ತಲುಪಬೇಕು, ಅವರು ಓದಬೇಕು, ಬರೆಯಬೇಕು, ನಾವು ತಿದ್ದಿ ವಾಪಸ್ ಕಳಿಸಬೇಕು, ಅವರು ಮತ್ತೆ ನೋಡಬೇಕು. ಅವಸರ ಮಾಡಿದರೆ ಬೆನ್ನುಡಿಯನ್ನೇ ತಿರುಗಿಸಿ ಬರೆದುಕೊಡುತ್ತಾರೆ. ಎರಡು ಸಂಚಿಕೆಗೆ ಆಗುವಷ್ಟು ಬರಹ ಕೈಗೆ ಬಂದ ಮೇಲಷ್ಟೇ ಚಂದಾ ಕೇಳಿದೆವು. ವರ್ಷದ ಚಂದಾ ತಗೊಂಡ ಮೇಲೆ ನಾಲ್ಕು ಸಂಚಿಕೆ ಕೊಡುವ ತನಕ ಅದು ನಮ್ಮ ಮೇಲಿರುವ ಸಾಲ. ಆ ದುಡ್ಡನ್ನು ಬೇರೆ ಖಾತೆಯಲ್ಲೇ ಇಡಿ.

ಮೊದಲ ಸಂಚಿಕೆ ಪುಟ ಕಟ್ಟಿ ಮುಗಿಸಿದಾಗ 46 ಪುಟ ಆಗಿತ್ತು. ಪ್ರೆಸ್‌ನವರು ನೋಡಿ, 44 ಮಾಡಿ ಇಲ್ಲಾ 48 ಮಾಡಿ ಅಂದರು. ನಡುವೆ ಪಿನ್ ಹೊಡೆಯುವ ಪತ್ರಿಕೆಯಲ್ಲಿ ಮಡಿಚಿದ ಒಂದು ಹಾಳೆ ಅಂದರೆ ನಾಲ್ಕು ಪುಟ, ಹಾಗಾಗಿ ಒಟ್ಟು ಪುಟ ನಾಲ್ಕರಿಂದ ಭಾಗ ಆಗಲೇಬೇಕು. ನಮಗೆ ಅದು ಹೊಳೆದೇ ಇರಲಿಲ್ಲ. ಉಳಿದ ಎರಡು ಪುಟಕ್ಕೆ ಸಾದರ ಸ್ವೀಕಾರ ಹಾಕಿದೆವು, ವಿಮರ್ಶೆ ಬರೆಸಲಾಗದ ಪುಸ್ತಕಗಳ ಪಟ್ಟಿ, ಒಂದೊಂದಕ್ಕೂ ಎರಡೆರಡು ಸಾಲಿನ ಪರಿಚಯ. ಓದುಗರಿಂದ ಜಾಸ್ತಿ ಪತ್ರ ಬಂದಿದ್ದು ಆ ಎರಡು ಪುಟಕ್ಕೇ. ಈಗ ಪ್ರತಿ ಸಲ ಖಾಲಿ ಹಾಳೆ ಮಡಿಚಿ, ಪುಟಸಂಖ್ಯೆ ಬರೆದು, ಯಾವ ವಿಮರ್ಶೆ ಎಲ್ಲಿ ಅಂತ ಪೆನ್ಸಿಲ್‌ನಲ್ಲಿ ಗುರುತು ಮಾಡಿಕೊಂಡ ಮೇಲೆಯೇ ಕಂಪ್ಯೂಟರ್ ಮುಂದೆ ಕೂರುತ್ತೇವೆ.

ಪುಸ್ತಕದ ವಿವರಗಳನ್ನು ಇಬ್ಬರು ನೋಡಬೇಕು. ಪುಸ್ತಕದ ಗುರುತಿನ ಸಂಖ್ಯೆಯಾದ ಐಎಸ್‌ಬಿಎನ್‌ನ 13 ಅಂಕಿಗಳನ್ನು ಎಡದಿಂದ ಒಂದು ಬಿಟ್ಟು ಒಂದರಂತೆ 1ರಿಂದ, 3ರಿಂದ ಗುಣಿಸಿ ಕೂಡಿ. ಮೊತ್ತ 10ರಿಂದ ಭಾಗ ಆಗದಿದ್ದರೆ ಎಲ್ಲೋ ತಪ್ಪಿದೆ. ಇನ್ನೊಂದು, ಅಚ್ಚಿಗೆ ಕಳಿಸುವ ಮುಂಚೆ ಪ್ರಕಾಶಕರಿಗೆ ಫೋನ್ ಮಾಡಿ, ಪ್ರತಿಗಳು ಉಳಿದಿವೆಯಾ ಅಂತ ಕೇಳಿ. ನಮ್ಮ ಎರಡನೇ ಸಂಚಿಕೆಯಲ್ಲಿ ತುಂಬಾ ಮೆಚ್ಚಿ ಬರೆದ ಕಥಾಸಂಕಲನ ಅಷ್ಟರಲ್ಲಿ ಮುಗಿದುಹೋಗಿತ್ತು. ಕೇಳಿದವರಿಗೆಲ್ಲ ಇಲ್ಲ ಅನ್ನುವುದು ಆ ಪ್ರಕಾಶಕರಿಗೂ ನೋವು, ನಮಗೂ ನೋವು.

ಇನ್ನು ನಿಜವಾದ ಕಷ್ಟದ ವಿಷಯ. ಸಣ್ಣ ಪ್ರಕಾಶನದ ಲೋಕದಲ್ಲಿ ಎಲ್ಲರಿಗೂ ಎಲ್ಲರೂ ಗೊತ್ತು. ಲೇಖಕರ ಗೆಳೆಯರು ವಿಮರ್ಶೆ ಬರೆಯಬಾರದು, ಮುನ್ನುಡಿ ಬರೆದವರು ಬರೆಯಬಾರದು, ಯಾರ ಪುಸ್ತಕದ ವಿಮರ್ಶೆ ಇದೆಯೋ ಅವರ ಜಾಹೀರಾತು ಆ ಸಂಚಿಕೆಯಲ್ಲಿ ಇರಬಾರದು ಅಂತ ಮೊದಲೇ ಬರೆದಿಟ್ಟುಕೊಂಡಿದ್ದೆವು. ಒಮ್ಮೆ ಒಂದು ಕಾದಂಬರಿಯ ವಿಮರ್ಶೆ ಬಂತು, ಹೊಗಳಿಕೆಯೋ ಹೊಗಳಿಕೆ. ಉದಾಹರಣೆ ಕೊಟ್ಟ ಸಾಲುಗಳೆಲ್ಲ ಮೊದಲ 30 ಪುಟದವು. ಪುಸ್ತಕ ವಾಪಸ್ ತರಿಸಿ ನೋಡಿದರೆ, 70ನೇ ಪುಟದ ಹತ್ತಿರ ಎರಡು ಹಾಳೆ ಅಂಚು ಕತ್ತರಿಸದೆ ಇನ್ನೂ ಅಂಟಿಕೊಂಡೇ ಇದ್ದವು. ಆ ವಿಮರ್ಶೆ ಹಾಕಲಿಲ್ಲ. ಹಾಕಿದ್ದರೆ ಪ್ರಕಾಶಕರಿಗೆ ಖುಷಿ ಆಗುತ್ತಿತ್ತು, ಆದರೆ ಆಮೇಲೆ ನಮ್ಮ ಪತ್ರಿಕೆಯ ಯಾವ ಹೊಗಳಿಕೆಯನ್ನು ಯಾರು ನಂಬಬೇಕು?

ತೆಗಳುವುದು ಇನ್ನೂ ಕಷ್ಟ. ಸ್ವಂತ ಉಳಿತಾಯ ಹಾಕಿ ಪುಸ್ತಕ ತಂದವರಿಗೆ ನಿಮ್ಮ ಪುಸ್ತಕ ಸೋತಿದೆ ಅಂತ ಹೇಗೆ ಹೇಳುವುದು? ಸುಮ್ನೆ ಬಿಟ್ಟುಬಿಡೋಣ ಅಂತ ನಮ್ಮಲ್ಲೊಬ್ಬರು, ಹೇಳಲೇಬೇಕು ಅಂತ ನಾನು. ಎರಡು ವಾರ ಜಗಳ ಆಡಿದೆವು. ಕೊನೆಗೆ ವಿಮರ್ಶೆ ಹಾಕಿದೆವು, ಆದರೆ ಒಂದೊಂದು ಆಕ್ಷೇಪಕ್ಕೂ ಪುಸ್ತಕದಿಂದಲೇ ಸಾಲು ತೋರಿಸಬೇಕು ಅಂತ ವಿಮರ್ಶಕರಿಗೆ ಹೇಳಿ, ಸಾಲು ಸಿಗದ ಎರಡು ಆಕ್ಷೇಪ ಕೈಬಿಟ್ಟ ಮೇಲೆ. ಪ್ರಕಾಶಕರು ಸಿಟ್ಟಾದರು, ಫೋನ್ ಎತ್ತಲಿಲ್ಲ. ಎಂಟು ತಿಂಗಳಾದ ಮೇಲೆ ಅಂಚೆಯಲ್ಲಿ ಅವರ ಮುಂದಿನ ಪುಸ್ತಕ ಬಂತು, ಒಳಗೆ ಒಂದು ಚೀಟಿ: ‘ಹೋದ ಸಲ ಬರೆದವರಿಗೇ ಇದನ್ನೂ ಕೊಡಿ.’ ಅವರಿಗೇ ಕಳಿಸಿದ್ದೇವೆ, ಈಗ ಓದುತ್ತಿದ್ದಾರೆ.