ತಕ್ಕಡಿಯನ್ನು ಗಿರಾಕಿಯ ಕಡೆಗೆ ತಿರುಗಿಸಿದ ಮೇಲೆ

ಅಕ್ಕಸಾಲಿ ಅಕ್ಕನ ಚಿನ್ನವನ್ನೂ ಬಿಡ ಎಂಬ ಗಾದೆಯನ್ನು ಕೇಳುತ್ತಲೇ ಬೆಳೆದವನು ನಾನು. ಶಾಲೆಯಲ್ಲಿ ಗೆಳೆಯರು ಅದನ್ನು ಹೇಳಿದಾಗ ಸಿಟ್ಟು ಬರುತ್ತಿತ್ತು. ಅಂಗಡಿಯ ಜಗಲಿಯ ಮೇಲೆ ಕುಳಿತ ಗಿರಾಕಿಗಳು ಹೇಳಿದಾಗ ತಂದೆಯವರೂ ಅವರ ಜೊತೆ ಸೇರಿ ನಗುವುದನ್ನು ಕಂಡು ಆ ಸಿಟ್ಟು ಇಮ್ಮಡಿಯಾಗುತ್ತಿತ್ತು. ಹಾಸನ ಜಿಲ್ಲೆಯ ಒಂದು ತಾಲ್ಲೂಕು ಕೇಂದ್ರದ ಪೇಟೆ ಬೀದಿಯಲ್ಲಿ ಅದೇ ಜಗಲಿಯ ಮೇಲೆ ಮೂರು ದಶಕಕ್ಕೂ ಹೆಚ್ಚು ಕಾಲ ಕುಳಿತು ಕೆಲಸ ಮಾಡಿದ ಮೇಲೆ, ಆ ಗಾದೆ ಸುಮ್ಮನೆ ಹುಟ್ಟಿದ್ದಲ್ಲವೆಂದು ನನಗೆ ಮನವರಿಕೆಯಾಗಿದೆ. ಅಂಥ ಗಾದೆ ಇರುವ ಊರಿನಲ್ಲಿ ಒಂದಿಷ್ಟು ಮರ್ಯಾದೆ ಸಂಪಾದಿಸಿದ್ದು ಹೇಗೆ ಎಂದು ಈ ಕಸುಬಿಗೆ ಹೊಸದಾಗಿ ಬರುವ ಹುಡುಗರು ಕೇಳುತ್ತಿರುತ್ತಾರೆ. ಅವರಿಗಾಗಿ ಇದನ್ನು ಬರೆಯುತ್ತಿದ್ದೇನೆ.

ನನ್ನ ತಿಳಿವಳಿಕೆಯಂತೆ ಆ ಗಾದೆಯ ಮೂಲ ಇರುವುದು ಕೂಲಿಯ ಚೌಕಾಸಿಯಲ್ಲಿ. ಚಿನ್ನಕ್ಕೆ ಪೇಟೆಯ ಧಾರಣೆ ಇರುತ್ತದೆ, ಅದನ್ನು ಯಾರೂ ಪ್ರಶ್ನಿಸುವುದಿಲ್ಲ. ಕೈಕೆಲಸಕ್ಕೆ ಧಾರಣೆ ಇಲ್ಲದ್ದರಿಂದ ಗಿರಾಕಿ ಅದನ್ನು ಅರ್ಧಕ್ಕೆ ಇಳಿಸುವವರೆಗೂ ಏಳುವುದಿಲ್ಲ. ನಗುನಗುತ್ತಲೇ ಒಪ್ಪಿಕೊಂಡ ಅಕ್ಕಸಾಲಿ ಬಿಟ್ಟುಕೊಟ್ಟ ಕೂಲಿಯನ್ನು ಚಿನ್ನದಲ್ಲೇ ವಸೂಲು ಮಾಡುತ್ತಾನೆ. ಬೆಸುಗೆಯಲ್ಲಿ ಒಂದು ಚೂರು ತಾಮ್ರ ಹೆಚ್ಚಾಗುತ್ತದೆ, ಪೊಳ್ಳು ಗುಂಡಿನೊಳಗೆ ತುಂಬಿದ ಅರಗು ಚಿನ್ನದ ತೂಕಕ್ಕೆ ಸೇರುತ್ತದೆ, ಹರಳಿನ ತೂಕವನ್ನು ಕಳೆಯುವುದು ಮರೆತುಹೋಗುತ್ತದೆ, ಅರ ಉಜ್ಜುವಾಗ ಉದುರಿದ ಪುಡಿ ಅವನ ಡಬ್ಬಿಯಲ್ಲೇ ಉಳಿಯುತ್ತದೆ. ಹಿಂದೆ ತೊಲಕ್ಕೆ 96 ಗುಲಗಂಜಿಯ ಲೆಕ್ಕವಿತ್ತು. ಒಂದು ಗುಂಜಿಯೆಂದರೆ ಇಂದಿನ ಲೆಕ್ಕದಲ್ಲಿ ಸುಮಾರು 0.12 ಗ್ರಾಂ. ಒಡವೆಯೊಂದಕ್ಕೆ ಎರಡು ಗುಂಜಿ ಕಡಿಮೆಯಾದರೆ ಅದನ್ನು ತೊಟ್ಟವರಿಗೆ ಆಯುಷ್ಯವಿಡೀ ಗೊತ್ತಾಗುತ್ತಿರಲಿಲ್ಲ.

ನಮ್ಮ ತಂದೆಯವರ ಕಾಲದಲ್ಲಿ ಇದಕ್ಕಿಂತ ದೊಡ್ಡ ಪರೀಕ್ಷೆ ಬಂತು. 1963ರ ಜನವರಿಯಲ್ಲಿ ಜಾರಿಗೆ ಬಂದ ಚಿನ್ನ ನಿಯಂತ್ರಣ ನಿಯಮಗಳು 14 ಕ್ಯಾರೆಟ್ಟಿಗಿಂತ ಹೆಚ್ಚು ಶುದ್ಧತೆಯ ಒಡವೆ ಮಾಡುವುದನ್ನೇ ನಿಷೇಧಿಸಿದವು. 1968ರಲ್ಲಿ ಕಾಯಿದೆಯಾಗಿ ಬಂದ ನಿಯಂತ್ರಣ ತೆಗೆದುಹೋದದ್ದು 1990ರಲ್ಲಿ. ದೇಶದ ಉದ್ದಗಲಕ್ಕೂ ಸಾವಿರಾರು ಅಕ್ಕಸಾಲಿ ಕುಟುಂಬಗಳು ಕಸುಬು ಕಳೆದುಕೊಂಡವು. ರಾತ್ರಿ ಬಾಗಿಲು ಹಾಕಿಕೊಂಡು 22 ಕ್ಯಾರೆಟ್ಟಿನ ತಾಳಿ ಮಾಡಿಕೊಟ್ಟರೆ ಮೂರು ಪಟ್ಟು ಕೂಲಿ ಕೊಡುವವರಿದ್ದರು. ತಂದೆಯವರು ಬೆಳ್ಳಿಯ ಕಾಲುಂಗುರ, ಉಡಿದಾರಗಳಿಗೆ ಇಳಿದರು, ಮನೆಯಲ್ಲಿ ಒಂದು ಹೊತ್ತಿನ ಊಟ ರಾಗಿ ಗಂಜಿಗೆ ಇಳಿಯಿತು. ಕೊನೆಯವರೆಗೂ ಬಾಡಿಗೆ ಮನೆಯಲ್ಲೇ ಇದ್ದ ಅವರನ್ನು ಊರಿನ ನ್ಯಾಯ ಪಂಚಾಯಿತಿಗಳಿಗೆ ಹೇಳಿಕಳುಹಿಸಿ ಕರೆಸಿಕೊಳ್ಳುತ್ತಿದ್ದರು. ಗಾದೆ ಕೇಳಿ ಅವರು ನಗುತ್ತಿದ್ದುದೇಕೆ ಎಂಬುದು ನನಗೆ ತಿಳಿದದ್ದು ಬಹಳ ತಡವಾಗಿ.

ಅಂಗಡಿ ನನ್ನ ಕೈಗೆ ಬಂದು ಕೆಲವು ವರ್ಷಗಳಾದ ಮೇಲೆ ಜಿಲ್ಲಾ ಕೇಂದ್ರದಲ್ಲಿ ಹವಾನಿಯಂತ್ರಿತ ಮಳಿಗೆಗಳು ತೆರೆದವು. ಗಾಜಿನ ಮುಂಭಾಗ, ಕನ್ನಡಿ ಗೋಡೆ, ಮೆತ್ತನೆಯ ಕುರ್ಚಿ ಹಾಕಿಸದಿದ್ದರೆ ಉಳಿಗಾಲವಿಲ್ಲವೆಂದು ಹಿತೈಷಿಗಳು ಹೇಳಿದರು. ಕೂಡಿಟ್ಟ ಹಣದಲ್ಲಿ ನಾನು ಒಂದು ಮಿಲಿಗ್ರಾಂವರೆಗೆ ತೋರಿಸುವ ಎಲೆಕ್ಟ್ರಾನಿಕ್ ತಕ್ಕಡಿ ಕೊಂಡು, ಅದಕ್ಕೆ ಗಿರಾಕಿಯ ಕಡೆಗೆ ಮುಖ ಮಾಡಿದ ಎರಡನೆಯ ಅಂಕಿಫಲಕವನ್ನು ಹಾಕಿಸಿದೆ. ಕಾನೂನು ಮಾಪನಶಾಸ್ತ್ರ ಇಲಾಖೆಯ ವರ್ಷದ ಮುದ್ರೆಯ ಪ್ರಮಾಣಪತ್ರವನ್ನು ದೇವರ ಪಟದ ಪಕ್ಕದಲ್ಲೇ ತೂಗುಹಾಕಿದೆ. ಜಗಲಿ ಹಾಗೇ ಉಳಿಯಿತು.

ತಕ್ಕಡಿಗಿಂತ ಮುಖ್ಯವಾದದ್ದು ಅದನ್ನು ಬಳಸುವ ರೀತಿ. ಹಳೆಯ ಒಡವೆ ಮುರಿಸಲು ಬಂದವರನ್ನು ನಾನು ಎಂದೂ "ಸಾಯಂಕಾಲ ಬನ್ನಿ" ಎಂದು ಕಳುಹಿಸುವುದಿಲ್ಲ. ಕರಗಿಸಿ ಮುಗಿಯುವವರೆಗೆ ಎದುರಿಗೇ ಕೂರಿಸಿಕೊಳ್ಳುತ್ತೇನೆ. ಒಮ್ಮೆ ಒಬ್ಬ ಅಜ್ಜಿ ಮೊಮ್ಮಗಳ ಮದುವೆಗೆಂದು ತಮ್ಮ ಕರಿಮಣಿ ಸರ ತಂದಿದ್ದರು. ತಂದಂತೆ ತೂಗಿದಾಗ 24.310 ಗ್ರಾಂ. ದಾರ ಕತ್ತರಿಸಿ ಮಣಿಗಳನ್ನು ಬಿಡಿಸಿ ಅವರ ಸೆರಗಿಗೇ ಹಾಕಿದ ಮೇಲೆ 21.940. ಗುಂಡುಗಳನ್ನು ಕಾಯಿಸಿ ಅರಗು ಸುಟ್ಟು, ಬಿಳಿಗಾರ ಹಾಕಿ ಮೂಸೆಯಲ್ಲಿ ಕರಗಿಸಿ ಎರೆದಾಗ 20.860. ಪ್ರತಿ ಸಲವೂ ಅಂಕಿಯನ್ನು ನಾನು ಓದಲಿಲ್ಲ, ಅವರ ಜೊತೆ ಬಂದಿದ್ದ ಹುಡುಗಿಯಿಂದಲೇ ಗಟ್ಟಿಯಾಗಿ ಓದಿಸಿ, ಅವಳ ಕೈಯಲ್ಲೇ ಚೀಟಿಯಲ್ಲಿ ಬರೆಸಿದೆ. ಗಟ್ಟಿಯ ಟಂಚ್, ಅಂದರೆ ನೂರಕ್ಕೆ ಎಷ್ಟು ಪಾಲು ಶುದ್ಧ ಚಿನ್ನ ಎಂಬ ಲೆಕ್ಕ, 87 ಬಂತು. "ಆಗಿನ ಕಾಲದಲ್ಲಿ ಅಪರಂಜಿ ಅಂತ ಕೊಟ್ಟಿದ್ದರಲ್ಲಪ್ಪ" ಎಂದು ಅಜ್ಜಿ ನೊಂದುಕೊಂಡರು. ಹಳೆಯ ಬೆಸುಗೆಯಲ್ಲಿ ತಾಮ್ರ ಸೇರುವುದು ಸಹಜವೆಂದೂ, ಯಾರೂ ಮೋಸ ಮಾಡಿರಲೇಬೇಕೆಂದಿಲ್ಲವೆಂದೂ ವಿವರಿಸಿದೆ. ಸತ್ತುಹೋದ ಅಕ್ಕಸಾಲಿಯ ಮೇಲೆ ಗೂಬೆ ಕೂರಿಸಿ ನನ್ನ ಹೆಸರು ಬೆಳೆಸಿಕೊಳ್ಳುವುದು ಸುಲಭವಿತ್ತು. ಅದನ್ನು ಮಾಡುವವರು ನಮ್ಮಲ್ಲಿ ಬಹಳ ಮಂದಿ ಇದ್ದಾರೆ.

ಮುಂದಿನದು ಮಜೂರಿಯ ವಿಷಯ. 20 ಗ್ರಾಂ ಸರಕ್ಕೆ ಶೇಕಡಾ 12 ವೇಸ್ಟೇಜ್ ಹಾಕಿದರೆ ಗಿರಾಕಿ 22.4 ಗ್ರಾಂ ಚಿನ್ನದ ಹಣ ತೆರುತ್ತಾನೆ, ಆದರೆ ಅಷ್ಟು ಚಿನ್ನ ನಿಜವಾಗಿ ನಷ್ಟವಾಗುವುದಿಲ್ಲ. ಅರದ ಪುಡಿ ಮರಳಿ ಸಿಗುತ್ತದೆ, ಹಾಸಿದ ಬಟ್ಟೆ ಸುಟ್ಟರೂ ಸಿಗುತ್ತದೆ. ಅಕ್ಕಸಾಲಿ ಬೀದಿಯ ದೂಳು ಗುಡಿಸಿ ತೊಳೆದು ಜೀವನ ಮಾಡುವವರೇ ಇದ್ದಾರೆ. ಹೀಗಾಗಿ ಕೊಟ್ಟ ಚಿನ್ನ, ಮುಗಿದ ಒಡವೆ, ಮರಳಿದ ಪುಡಿ, ಈ ಮೂರರ ತೂಕವನ್ನೂ ಚೀಟಿಯಲ್ಲಿ ಬರೆದು, ನಿಜವಾಗಿ ಹೋದಷ್ಟನ್ನೇ ಸವಕಳಿಯೆಂದು ಹಿಡಿದು, ನನ್ನ ಕೂಲಿಯನ್ನು ಬೇರೆ ಸಾಲಿನಲ್ಲಿ ಹಾಕಲು ಆರಂಭಿಸಿದೆ. ಒಟ್ಟು ಮೊತ್ತ ಬೇರೆಯವರಿಗಿಂತ ಕಡಿಮೆಯೇ ಬರುತ್ತಿತ್ತು, ಆದರೂ ಗಿರಾಕಿಗಳು ಮುನಿಸಿಕೊಂಡರು. ಚಿನ್ನದಲ್ಲಿ ಕಳೆದುಕೊಳ್ಳಲು ಸಿದ್ಧರಿರುವವರಿಗೆ ಕೂಲಿಯ ಅಂಕಿ ಕಣ್ಣಿಗೆ ಚುಚ್ಚುತ್ತದೆ. "ಏನು ಆಚಾರ್ರೇ, ಕೂಲಿಯನ್ನು ಇಷ್ಟು ದಪ್ಪಕ್ಷರದಲ್ಲಿ ಬರೆದಿದ್ದೀರಿ" ಎಂದವರಿಗೆ, ಬರೆಯದಿದ್ದರೆ ಅದು ಎಲ್ಲಿಂದ ಬರುತ್ತದೆ ಎಂಬುದನ್ನು ಯೋಚಿಸಿ ಎನ್ನುತ್ತಿದ್ದೆ. ಕೆಲವರು ಎದ್ದು ಹೋದರು, ಎರಡು ಮದುವೆ ಕಾಲ ವ್ಯಾಪಾರ ಸೊರಗಿತು. ಈ ಒಂದು ಸಂಗತಿಯನ್ನು ಹುಡುಗರಿಗೆ ಒತ್ತಿ ಹೇಳುತ್ತೇನೆ: ತನ್ನ ಕೂಲಿಯನ್ನು ಬಾಯಿಬಿಟ್ಟು ಕೇಳಲು ನಾಚುವವನು ಬಹುಕಾಲ ಪ್ರಾಮಾಣಿಕನಾಗಿ ಉಳಿಯಲಾರ.

ಕ್ಯಾಡ್ಮಿಯಂ ಬೆರೆಸಿದ ಬೆಸುಗೆಗೆ ಕೆಡಿಎಂ ಎನ್ನುತ್ತಾರೆ. ಆ ಮೂರಕ್ಷರ ಶುದ್ಧತೆಯ ಗುರುತೆಂದು ಜನ ನಂಬಿದ್ದ ಕಾಲದಲ್ಲಿ ಆ ಬೆಸುಗೆಯನ್ನು ನಾನು ಕೈಬಿಟ್ಟೆ. ಕ್ಯಾಡ್ಮಿಯಂ 767 ಡಿಗ್ರಿಗೇ ಆವಿಯಾಗುವುದರಿಂದ ಒಡವೆಯ ಶುದ್ಧತೆ ಕುಂದುವುದಿಲ್ಲ ಎಂಬುದು ನಿಜ, ಆದರೆ ಆ ಹೊಗೆ ಹೋಗುವುದು ಕೆಲಸಗಾರನ ಶ್ವಾಸಕೋಶಕ್ಕೆ. ನನ್ನ ಬಳಿ ಇಬ್ಬರು ಹುಡುಗರು ಕೆಲಸಕ್ಕಿದ್ದರು. 2021ರ ಜೂನ್ 16ರಿಂದ ಶುದ್ಧತೆಯ ಹಾಲ್‌ಮಾರ್ಕ್ ಮುದ್ರೆ 256 ಜಿಲ್ಲೆಗಳಲ್ಲಿ ಕಡ್ಡಾಯವಾದಾಗ 40 ಲಕ್ಷ ರೂಪಾಯಿಯೊಳಗಿನ ವಹಿವಾಟಿಗೆ ವಿನಾಯಿತಿ ಇತ್ತು. ಆ ಮಿತಿಯೊಳಗೇ ಇದ್ದರೂ ನೋಂದಾಯಿಸಿಕೊಂಡೆ. ಈಗ ಒಡವೆಯ ಮೇಲಿನ ಎಚ್‌ಯುಐಡಿಯನ್ನು, ಅಂದರೆ ಅಕ್ಷರ ಮತ್ತು ಅಂಕಿಗಳು ಸೇರಿ ಆರು ಗುರುತುಗಳ, ಆ ಒಡವೆಗಷ್ಟೇ ಸೇರಿದ ಸಂಕೇತವನ್ನು, ಗಿರಾಕಿಯ ಮೊಬೈಲಿನಲ್ಲೇ ಭಾರತೀಯ ಮಾನಕ ಬ್ಯೂರೋದ ಬಿಐಎಸ್ ಕೇರ್ ಆ್ಯಪ್‌ನಲ್ಲಿ ಹಾಕಿಸಿ ತೋರಿಸಿಯೇ ಹಣ ಪಡೆಯುತ್ತೇನೆ. ಮುದ್ರೆ ಬಂದ ಮೇಲೆ ಅಕ್ಕಸಾಲಿಯ ನಡತೆಗೆ ಬೆಲೆಯಿಲ್ಲವಾಯಿತೆಂದು ಕೆಲವು ಹಿರಿಯರು ಕೊರಗುತ್ತಾರೆ. ನನಗೆ ಹಾಗೆನ್ನಿಸುವುದಿಲ್ಲ. ಅರಗಿನ ತೂಕ, ಹರಳಿನ ತೂಕ, ಹಳೆಯ ಚಿನ್ನಕ್ಕೆ ಕಟ್ಟುವ ಬೆಲೆ, ಇವು ಇಂದಿಗೂ ಕುಳಿತವನ ಮನಸ್ಸಿಗೇ ಬಿಟ್ಟದ್ದು.

ನಾನು ಉಂಗುರ ಹಾಕುವುದಿಲ್ಲ, ಕೆಲಸದ ಕೈಗೆ ಅದು ಅಡ್ಡಿ. ಆದರೆ ಸಹವ್ಯಾಪಾರಿಗಳ ದೃಷ್ಟಿಯಲ್ಲಿ ಅದೊಂದು ಕೊರತೆ. ಕೊರಳಲ್ಲಿ ಹೆಬ್ಬೆರಳು ಗಾತ್ರದ ಸರವಿಲ್ಲದ ಅಕ್ಕಸಾಲಿಯನ್ನು ಗಿರಾಕಿ ನಂಬುವುದು ಹೇಗೆ ಎಂಬುದು ಅವರ ವಾದ. ಮಗಳ ಮದುವೆಯಲ್ಲಿ ಈ ಮಾತು ಮನೆಯೊಳಗೂ ಬಂತು. ಮಾಂಗಲ್ಯ, ಒಂದೆಳೆ ಸರ, ಜುಮುಕಿ, ಎರಡು ಬಳೆ, ಇಷ್ಟು ಸಾಕೆಂದು ಅವಳೇ ಹೇಳಿದ್ದಳು. ನರ್ಸಿಂಗ್ ಓದಿಗಾಗಿ ಮಾಡಿದ್ದ ಸಾಲ ತೀರಿಸುವುದು ಅವಳಿಗೆ ಮುಖ್ಯವಾಗಿತ್ತು. ಅಕ್ಕಸಾಲಿಯ ಮಗಳು ಬರಿಗೊರಳಲ್ಲಿ ಹಸೆಮಣೆ ಏರಿದಳೆಂದು ನೆಂಟರು ಛತ್ರದ ಮೂಲೆಯಲ್ಲಿ ಆಡಿಕೊಂಡದ್ದು ನನ್ನ ಹೆಂಡತಿಯ ಕಿವಿಗೂ ಬಿತ್ತು. ಮರುವರ್ಷ ಅದೇ ಮಾತು ಬೇರೆ ರೂಪದಲ್ಲಿ ಅಂಗಡಿಗೆ ಬಂತು. ಮಗಳಿಗೆ ಇಪ್ಪತ್ತು ತೊಲ ಹಾಕಲೇಬೇಕೆಂದು ಬೀಗರ ಕಡೆಯವರು ಪಟ್ಟು ಹಿಡಿದಿದ್ದ ರೈತರೊಬ್ಬರು ಅವರನ್ನು ನನ್ನ ಜಗಲಿಗೇ ಕರೆತಂದು, "ಆಚಾರ್ರೇ, ನಿಮ್ಮ ಮಗಳಿಗೆ ಎಷ್ಟು ಹಾಕಿದಿರಿ, ಇವರಿಗೆ ಹೇಳಿ" ಎಂದರು. ಹೇಳಿದೆ. ಬೀಗರು ಕಾಫಿ ಕುಡಿದು, ಎಂಟು ತೊಲಕ್ಕೆ ಒಪ್ಪಿ ಎದ್ದರು. ಹನ್ನೆರಡು ತೊಲದ ಕೆಲಸ ನನ್ನ ಕೈತಪ್ಪಿತು. ಆ ರೈತರು ಹೊಲ ಅಡ ಇಡುವುದು ತಪ್ಪಿದ್ದರಿಂದ, ಆಲೂರು ರಸ್ತೆಯ ಹಳ್ಳಿಗಳಲ್ಲಿ ನನ್ನ ಹೆಸರು ನನಗಿಂತ ಮೊದಲೇ ಹೋಗಿ ಕುಳಿತಿತ್ತು.

ಹೀಗೆ ಬರುವ ಮರ್ಯಾದೆ ಹೆಚ್ಚಾಗಿ ಕೆಲಸದ ರೂಪದಲ್ಲೇ ಬರುತ್ತದೆ. ತಾಯಿ ತೀರಿಕೊಂಡ ಮೇಲೆ ಒಡವೆ ಹಂಚಿಕೊಳ್ಳಲು ಮೂವರು ಅಕ್ಕತಂಗಿಯರು ವಕೀಲರ ಬದಲು ನನ್ನಲ್ಲಿಗೆ ಬಂದರು. ತೂಕದಲ್ಲಿ ಮೂರು ಪಾಲು ಮಾಡುವುದು ಅರ್ಧ ಗಂಟೆಯ ಮಾತು. ಆದರೆ ಮೂವರಿಗೂ ಬೇಕಾಗಿದ್ದುದು ತಾಯಿ ದಿನವೂ ಹಾಕುತ್ತಿದ್ದ ಸವೆದ ಬಳೆಗಳ ಜೋಡಿ. ಅದಕ್ಕೆ ತಕ್ಕಡಿಯಲ್ಲಿ ಉತ್ತರವಿರಲಿಲ್ಲ. ಉಳಿದ ಒಡವೆಗಳನ್ನು ಮೊದಲು ಸಮನಾಗಿ ಹಂಚಿ, ಕೊನೆಗೆ ಬಳೆಗಳನ್ನು ಮೇಜಿನ ಮೇಲಿಟ್ಟು, ಆಸ್ಪತ್ರೆಯಲ್ಲಿ ತಾಯಿಯ ಕೈಯಿಂದ ಇವನ್ನು ಬಿಚ್ಚಿದವರು ಯಾರು ಎಂದಷ್ಟೇ ಕೇಳಿದೆ. ನಡುವಿನವಳು ಅಳತೊಡಗಿದಳು, ಹಿರಿಯಕ್ಕ ತಾನಾಗಿಯೇ ಬಳೆಗಳನ್ನು ಅವಳ ಕೈಗಿಟ್ಟಳು. ಆ ದಿನ ಮೂರು ಪ್ರತಿಗಳಲ್ಲಿ ಬರೆದ ಪಟ್ಟಿಗೆ ಅವರು ನನ್ನ ಸಹಿಯನ್ನೂ ಹಾಕಿಸಿಕೊಂಡರು.

ಇಷ್ಟಾದರೂ ಮದುವೆಯ ದೊಡ್ಡ ಖರೀದಿಗೆ ಊರಿನವರು ಹೋಗುವುದು ಜಿಲ್ಲಾ ಕೇಂದ್ರದ ಮಳಿಗೆಗಳಿಗೇ. ಅಲ್ಲಿ ನೂರಾರು ಮಾದರಿಗಳಿವೆ, ಕಂತಿನ ಯೋಜನೆಗಳಿವೆ, ನನ್ನ ಬಳಿ ಇವೆರಡೂ ಇಲ್ಲ. ಕೊಂಡ ಮರುದಿನ ಅದೇ ಡಬ್ಬಿ ಹಿಡಿದು ನನ್ನ ಜಗಲಿಗೆ ಬಂದು, "ಒಂದು ಸಲ ನೋಡಿಬಿಡಿ ಆಚಾರ್ರೇ" ಎನ್ನುತ್ತಾರೆ. ಹರಳಿನ ತೂಕ ಕಳೆದಿದ್ದಾರೆಯೇ ಎಂದು ಬಿಲ್ ಓದುತ್ತೇನೆ, ತೂಗುತ್ತೇನೆ, ಸಂಕೇತ ಪರಿಶೀಲಿಸುತ್ತೇನೆ. ಬಹಳ ವರ್ಷ ಇದನ್ನು ಪುಕ್ಕಟೆಯಾಗಿ ಮಾಡಿದೆ. ಹೋದ ವರಮಹಾಲಕ್ಷ್ಮಿ ಹಬ್ಬದ ಹಿಂದಿನ ವಾರ, ಒಡವೆ ಪರಿಶೀಲನೆಗೆ 50 ರೂಪಾಯಿ ಎಂದು ತಕ್ಕಡಿಯ ಪಕ್ಕದಲ್ಲಿ ಹಲಗೆ ಹಾಕಿದೆ. ಯಾರೂ ಚೌಕಾಸಿ ಮಾಡಿಲ್ಲ. ಒಬ್ಬರು ಮಾತ್ರ, ಇದನ್ನು ಮೊದಲೇ ಏಕೆ ಹಾಕಲಿಲ್ಲವೆಂದು ಕೇಳಿದರು.